ಪಂದ್ಯದ ಕಾರೂ ಪೆಟ್ರೋಲಿನ ಭಾರವೂ

ಅಮೆರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿ ಲಿಂಕನ್ ಎಂಬ ಪಟ್ಟಣವಿದೆ. ಅದರ ಹೊರವಲಯದಲ್ಲಿ, ಒಂದು ಕಾಲಕ್ಕೆ ವಾಯುಪಡೆಯ ನೆಲೆಯಾಗಿದ್ದ ಸ್ಥಳದಲ್ಲಿ, ಕಣ್ಣು ಹಾಯುವಷ್ಟು ದೂರ ಹಬ್ಬಿದ ಕಾಂಕ್ರೀಟಿನ ಅಂಗಳವೊಂದುಂಟು. ೨೦೦೯ರಿಂದೀಚೆಗೆ ಸೆಪ್ಟೆಂಬರ್ ತಿಂಗಳಿನಲ್ಲಿ ಈ ಅಂಗಳದ ಮೇಲೆ ಮೋಟಾರು ಕಾರುಗಳ ಜಾತ್ರೆಯೊಂದು ನೆರೆಯುವುದು ವಾಡಿಕೆಯಾಗಿದೆ. ಬಂದವರು ವೃತ್ತಿಯಿಂದ ಪಂದ್ಯಗಾರರಲ್ಲ. ವೈದ್ಯರು, ಉಪಾಧ್ಯಾಯರು, ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು. ಇವರಲ್ಲಿ ಎಷ್ಟೋ ಮಂದಿ ದಿನವೂ ಕಚೇರಿಗೆ ಹೋಗಿಬರುವ ಕಾರನ್ನೇ ಪಂದ್ಯಕ್ಕೂ ತರುತ್ತಾರೆ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಘವು ನಡೆಸುವ ಈ ಸ್ಪರ್ಧೆಯನ್ನು ಜನ ಆಟೋಕ್ರಾಸ್ ಎಂದು ಕರೆಯುತ್ತಾರೆ. ಕಾಂಕ್ರೀಟಿನ ಮೇಲೆ ರಬ್ಬರಿನ ಶಂಕುಗಳನ್ನು ನಿಲ್ಲಿಸಿ ಅಂಕುಡೊಂಕಾದ ಹಾದಿಯೊಂದನ್ನು ಏರ್ಪಡಿಸಿರುತ್ತಾರೆ. ಒಬ್ಬೊಬ್ಬರೇ ಚಾಲಕರು ಆ ಹಾದಿಯನ್ನು ಆದಷ್ಟು ಬೇಗ ಓಡಿ ಮುಗಿಸಬೇಕು. ಒಂದು ಶಂಕುವನ್ನು ಉರುಳಿಸಿದರೆ ೨ ಸೆಕೆಂಡು ದಂಡ. ಒಂದು ಓಟಕ್ಕೆ ಹಿಡಿಯುವ ಕಾಲ ಸುಮಾರು ಒಂದು ನಿಮಿಷ. ಅದನ್ನು ಅಳೆಯುವುದಾದರೋ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ.

ಇಂಥ ಸ್ಪರ್ಧೆಯ ಹಿಂದಿನ ಸಂಜೆ ಚಾಲಕರನ್ನೆಲ್ಲ ಕಾಡುವ ಪ್ರಶ್ನೆ ಒಂದಿದೆ. ಟಾಂಕಿಯಲ್ಲಿ ಎಷ್ಟು ಪೆಟ್ರೋಲ್ ಇರಬೇಕು? ಒಬ್ಬನು ಮುಳ್ಳು ಸೊನ್ನೆಯನ್ನು ಮುಟ್ಟುವವರೆಗೂ ಹನಿ ಪೆಟ್ರೋಲನ್ನೂ ಹಾಕಿಸಲೊಲ್ಲ. ಇನ್ನೊಬ್ಬನು ಅರ್ಧ ಟಾಂಕಿ ಇಲ್ಲದೆ ಗೆರೆಯ ಬಳಿಗೆ ಬರಲೊಲ್ಲ. ಮೂರನೆಯವನೊಬ್ಬನು, ತನ್ನ ಕಾರು ಟಾಂಕಿ ತುಂಬಿದಾಗಲೇ ಸೊಗಸಾಗಿ ತಿರುಗುತ್ತದೆಂದು ಆಣೆಯಿಟ್ಟು ಹೇಳುತ್ತಾನೆ. ಮೂವರೂ ಒಬ್ಬರನ್ನೊಬ್ಬರು ಹುಚ್ಚರೆಂದು ಭಾವಿಸುವುದುಂಟು. ಆದರೆ ಮೂವರ ಮಾತಿನಲ್ಲಿಯೂ ಸತ್ಯಾಂಶವಿದೆ. ಅದು ಹೇಗೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ತೂಕದ ಮಾತು. ಪೆಟ್ರೋಲ್ ನೀರಿಗಿಂತ ಹಗುರವಾದ ದ್ರವ. ಒಂದು ಲೀಟರ್ ನೀರು ೧೦೦೦ ಗ್ರಾಂ ತೂಗಿದರೆ ಒಂದು ಲೀಟರ್ ಪೆಟ್ರೋಲ್ ಸುಮಾರು ೭೨೦ರಿಂದ ೭೭೫ ಗ್ರಾಂವರೆಗೆ ತೂಗುತ್ತದೆ. ಈ ಹವ್ಯಾಸಿಗಳಿಗೆ ಬಹು ಪ್ರಿಯವಾದ ಮಜ್ದಾ ಎಂ.ಎಕ್ಸ್-೫ ಎಂಬ ಎರಡಾಸನದ ಪುಟ್ಟ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೧೯೮೯ರಲ್ಲಿ ಹೊರಬಂದ ಅದರ ಮೊದಲ ಮಾದರಿಯ ಟಾಂಕಿ ೪೫ ಲೀಟರಿನದು. ತುಂಬಿದಾಗ ಅದರಲ್ಲಿರುವ ಪೆಟ್ರೋಲಿನ ತೂಕ ಸುಮಾರು ೩೪ ಕಿಲೋಗ್ರಾಂ, ಎಂದರೆ ಹತ್ತು ವರ್ಷದ ಹುಡುಗನೊಬ್ಬನ ತೂಕ. ಟಾಂಕಿ ತುಂಬಿಸಿಕೊಂಡು ಓಡುವವನು ಹುಡುಗನೊಬ್ಬನನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಿದಂತೆಯೇ ಸರಿ. ಕಾರೂ ಚಾಲಕನೂ ಸೇರಿ ಸಾವಿರದ ಚಿಲ್ಲರೆ ಕಿಲೋಗ್ರಾಂ ಇರುವಲ್ಲಿ ಇದು ನೂರಕ್ಕೆ ಮೂರು ಪಾಲು. ವಾಹನದ ಭಾಗಗಳನ್ನು ಮನಬಂದಂತೆ ಕಳಚಿ ಹಗುರ ಮಾಡಲು ನಿಯಮಗಳು ಒಪ್ಪದ ವರ್ಗಗಳಲ್ಲಿ ಸ್ಪರ್ಧಿಸುವವನಿಗೆ, ಸ್ಟೆಪ್ನಿ ಚಕ್ರವನ್ನು ತೆಗೆದಿಟ್ಟ ಮೇಲೆ ತನ್ನ ಇಚ್ಛೆಯಂತೆ ಇಳಿಸಬಹುದಾದ ಭಾರವೆಂದರೆ ಪೆಟ್ರೋಲೊಂದೇ. (ತನ್ನ ಹೊಟ್ಟೆಯ ಭಾರವನ್ನೂ ಇಳಿಸಬಹುದಷ್ಟೆ. ಆದರೆ ಆ ವಿಷಯವನ್ನು ಚಾಲಕರು ಅಷ್ಟಾಗಿ ಚರ್ಚಿಸುವುದಿಲ್ಲ.)

ಈ ನೂರಕ್ಕೆ ಮೂರು ಪಾಲಿನಿಂದ ಆಗುವ ನಷ್ಟವೆಷ್ಟು? ನೇರವಾದ ಹಾದಿಯಲ್ಲಿ ಉತ್ತರ ಸುಲಭ. ನ್ಯೂಟನ್ನನ ಎರಡನೆಯ ನಿಯಮದಂತೆ ಒಂದೇ ಬಲವು ಹೆಚ್ಚು ದ್ರವ್ಯರಾಶಿಯನ್ನು ತಳ್ಳಬೇಕಾದಾಗ ವೇಗೋತ್ಕರ್ಷವು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಆದರೆ ಕಾಲವು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವೆಂಬುದನ್ನು ಗಮನಿಸಬೇಕು. ಎಂಜಿನ್ನಿನ ಸಾಮರ್ಥ್ಯವು ಸ್ಥಿರವಾಗಿದೆಯೆಂದು ಭಾವಿಸಿದರೆ, ನಿಂತಲ್ಲಿಂದ ಹೊರಟು ನಿಯತವಾದ ದೂರವನ್ನು ಕ್ರಮಿಸಲು ಬೇಕಾಗುವ ಕಾಲವು ದ್ರವ್ಯರಾಶಿಯ ಘನಮೂಲವನ್ನು ಅನುಸರಿಸುತ್ತದೆ. ಕಾಲೇಜಿನಲ್ಲಿ ಕಲನಶಾಸ್ತ್ರವನ್ನು ಓದುತ್ತಿರುವ ವಾಚಕರು ಇದನ್ನು ತಾವೇ ಸಾಧಿಸಿ ನೋಡಬಹುದು. ಆದುದರಿಂದ ದ್ರವ್ಯರಾಶಿ ನೂರಕ್ಕೆ ಮೂರು ಹೆಚ್ಚಿದರೆ ಕಾಲವು ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ. ೬೦ ಸೆಕೆಂಡಿನ ಓಟದಲ್ಲಿ ಪೂರ್ಣ ಶಕ್ತಿಯಿಂದ ಮುನ್ನುಗ್ಗುವ ಕಾಲ ೨೦ ಸೆಕೆಂಡು ಎಂದಿಟ್ಟುಕೊಂಡರೆ ನಷ್ಟವು ೦.೨ ಸೆಕೆಂಡು. ತಿರುವಿನಿಂದ ತಿರುವಿಗೆ ಹೋಗುವ ಕಾರು ನಿಂತಲ್ಲಿಂದ ಹೊರಡುವುದಿಲ್ಲ, ಆಗಲೇ ಓಡುತ್ತಿರುತ್ತದೆ. ಆದುದರಿಂದ ನಿಜವಾದ ನಷ್ಟ ಇನ್ನೂ ಕಡಮೆ.

ತಿರುವುಗಳಲ್ಲಿ ಏನಾಗುವುದು? ಇಲ್ಲಿ ವಿದ್ಯಾರ್ಥಿಗೆ ಒಂದು ಸಂದೇಹ ಹುಟ್ಟುವುದು ಸಹಜ. ತಿರುವಿನಲ್ಲಿ ಓಡುವ ಕಾರನ್ನು ಒಳಕ್ಕೆ ಎಳೆದು ಹಿಡಿಯುವುದು ಟೈರು ಮತ್ತು ನೆಲಗಳ ನಡುವಣ ಘರ್ಷಣೆ. ಘರ್ಷಣೆಯ ಬಲವು ತೂಕಕ್ಕೆ ಅನುಪಾತದಲ್ಲಿದೆಯೆಂದು ಪಾಠಪುಸ್ತಕ ಹೇಳುತ್ತದೆ. ಬೇಕಾದ ಬಲವೂ ದ್ರವ್ಯರಾಶಿಗೆ ಅನುಪಾತದಲ್ಲಿದೆ. ಸಮೀಕರಣದ ಎರಡು ಕಡೆಯಿಂದಲೂ ದ್ರವ್ಯರಾಶಿ ಹೊಡೆದುಹೋಗುತ್ತದೆ. ಉಳಿಯುವುದು ಘರ್ಷಣಾಂಕ, ಗುರುತ್ವ, ತಿರುವಿನ ತ್ರಿಜ್ಯ, ಈ ಮೂರೇ. ಹಾಗಾದರೆ ಖಾಲಿ ಟಾಂಕಿಯ ಕಾರೂ ತುಂಬಿದ ಟಾಂಕಿಯ ಕಾರೂ ತಿರುವಿನಲ್ಲಿ ಒಂದೇ ವೇಗದಿಂದ ಹೋಗಬೇಕಲ್ಲವೆ?

ಹೋಗಬೇಕಾಗಿತ್ತು, ಟೈರು ಕಬ್ಬಿಣದ್ದೋ ಮರದ್ದೋ ಆಗಿದ್ದ ಪಕ್ಷದಲ್ಲಿ. ಆದರೆ ಟೈರು ರಬ್ಬರಿನದು. ಪಾಠಪುಸ್ತಕದ ನಿಯಮವನ್ನು ರಬ್ಬರು ಪೂರ್ತಿಯಾಗಿ ಪಾಲಿಸುವುದಿಲ್ಲ. ಅದು ನೆಲದ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಮೇಲಿನ ಭಾರ ಹೆಚ್ಚಿದಂತೆ ಹಿಡಿತವು ಹೆಚ್ಚುತ್ತದೆ, ನಿಜ. ಆದರೆ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಂದು ಟೈರಿನ ಮೇಲೆ ೨೫೦ ಕಿಲೋಗ್ರಾಂ ಭಾರವಿರುವಾಗ ಅದರ ಹಿಡಿತವೂ ೨೫೦ ಕಿಲೋಗ್ರಾಂ ಭಾರದಷ್ಟೇ ಇದೆಯೆಂದು ಇಟ್ಟುಕೊಳ್ಳೋಣ. ಭಾರವನ್ನು ೩೫೦ಕ್ಕೆ ಏರಿಸಿದರೆ ಹಿಡಿತವು ೩೫೦ ಆಗದೆ ೩೩೬ರ ಸುಮಾರಿಗೆ ನಿಂತುಬಿಡಬಹುದು. ಈ ಅಂಕಿಗಳು ಯಾವುದೋ ಒಂದು ಟೈರನ್ನು ಅಳೆದು ಬರೆದವಲ್ಲ, ವಿಷಯವನ್ನು ಬಿಡಿಸಿ ಹೇಳುವುದಕ್ಕಾಗಿ ನಾವು ಆರಿಸಿಕೊಂಡವು. ಆದರೆ ಎಲ್ಲ ಟೈರುಗಳ ಸ್ವಭಾವವೂ ಈ ಬಗೆಯದೇ. ಸಾಲಗಾರನ ಆದಾಯ ಸಾಲದೊಡನೆ ಬೆಳೆದರೂ ಸಾಲದಷ್ಟು ವೇಗವಾಗಿ ಬೆಳೆಯದಿದ್ದಂತೆ ಎನ್ನಬಹುದು. ಮೇಲಿನ ಅಂಕಿಗಳ ಪ್ರಕಾರ ಲೆಕ್ಕ ಹಾಕಿದರೆ, ನೂರಕ್ಕೆ ಮೂರು ಪಾಲು ತೂಕ ಹೆಚ್ಚಿದಾಗ ಘರ್ಷಣಾಂಕವು ಸಾವಿರಕ್ಕೆ ಮೂರರಷ್ಟು ಇಳಿಯುತ್ತದೆ. ತಿರುವಿನ ವೇಗವು ಘರ್ಷಣಾಂಕದ ವರ್ಗಮೂಲವನ್ನು ಅನುಸರಿಸುವುದರಿಂದ ಅದು ಸಾವಿರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ೪೦ ಸೆಕೆಂಡು ತಿರುವುಗಳಲ್ಲೇ ಕಳೆದರೆ ನಷ್ಟ ೦.೦೬ ಸೆಕೆಂಡು.

ಎರಡೂ ಸೇರಿ ಹೆಚ್ಚೆಂದರೆ ಕಾಲು ಸೆಕೆಂಡು! ನಮ್ಮ ನಿಮ್ಮಂಥವರಿಗೆ ಇದು ಕಣ್ಣು ಮಿಟುಕಿಸುವ ಹೊತ್ತು. ಸಾವಿರದಲ್ಲೊಂದು ಸೆಕೆಂಡನ್ನು ಎಣಿಸುವ ಸ್ಪರ್ಧೆಯಲ್ಲಾದರೋ ಅದು ಬಹುಮಾನ ಪಡೆದವನಿಗೂ ಬರಿಗೈಯಲ್ಲಿ ಮನೆಗೆ ಹೊರಟವನಿಗೂ ನಡುವಣ ಅಂತರ. ಮುಳ್ಳು ಸೊನ್ನೆ ಮುಟ್ಟುವವರೆಗೂ ಕಾಯುವ ಮೊದಲನೆಯ ಚಾಲಕನ ಹಟಕ್ಕೆ ಇದೇ ಆಧಾರ.

ಆದರೆ ಭಾರ ಎಷ್ಟೆಂಬುದಕ್ಕಿಂತ ಅದು ಎಲ್ಲಿದೆಯೆಂಬುದು ಹೆಚ್ಚು ಸ್ವಾರಸ್ಯವಾದ ವಿಷಯ. ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ಹೇರುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಟೆಗಳು ಅಚ್ಚಿನ ಮುಂದೆ ಬಿದ್ದರೆ ಗಾಡಿ ಮುಂಭಾರವಾಗಿ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಅಚ್ಚಿನ ಹಿಂದೆ ಬಿದ್ದರೆ ಹಿಂಭಾರವಾಗಿ ಮೂಕಿ ಮೇಲಕ್ಕೇಳುತ್ತದೆ. ಅಚ್ಚಿನ ಹಿಂದಿಟ್ಟ ಭಾರವು ಅಚ್ಚಿನ ಮೇಲೆ ತನ್ನ ತೂಕವನ್ನಷ್ಟೇ ಹಾಕದೆ, ಮುಂದಿನ ತೂಕವನ್ನೂ ಕಿತ್ತು ಹಿಂದಕ್ಕೆ ತರುತ್ತದೆ. ಕಾರಿಗೆ ಎರಡು ಅಚ್ಚುಗಳಿದ್ದರೂ ಸನ್ನೆಕೋಲಿನ ನಿಯಮ ಒಂದೇ. ಎರಡು ಅಚ್ಚುಗಳ ನಡುವಿನ ದೂರ ೨.೫ ಮೀಟರ್ ಇರುವ ಕಾರಿನಲ್ಲಿ, ಹಿಂದಿನ ಅಚ್ಚಿಗೆ ಅರ್ಧ ಮೀಟರ್ ಮುಂದೆ ೩೦ ಕಿಲೋಗ್ರಾಂ ಪೆಟ್ರೋಲ್ ಇದ್ದರೆ ಅದರಲ್ಲಿ ೨೪ ಕಿಲೋಗ್ರಾಂ ಹಿಂದಿನ ಚಕ್ರಗಳ ಮೇಲೂ ೬ ಕಿಲೋಗ್ರಾಂ ಮುಂದಿನವುಗಳ ಮೇಲೂ ಬೀಳುತ್ತದೆ. ಅದೇ ಪೆಟ್ರೋಲನ್ನು ಹಿಂದಿನ ಅಚ್ಚಿಗೆ ಅರ್ಧ ಮೀಟರ್ ಹಿಂದೆ, ಬಾಲದಲ್ಲಿ ಇಟ್ಟರೆ, ಹಿಂದಿನ ಚಕ್ರಗಳ ಮೇಲೆ ೩೬ ಕಿಲೋಗ್ರಾಂ ಹೆಚ್ಚಿ ಮುಂದಿನವುಗಳ ಮೇಲೆ ೬ ಕಿಲೋಗ್ರಾಂ ಕಡಮೆಯಾಗುತ್ತದೆ!

ಹಿಂದೆ ಭಾರ ಹೆಚ್ಚಿದರೆ ಹಿಂದಿನ ಚಕ್ರಗಳ ಹಿಡಿತ ಹೆಚ್ಚಿ ಬಾಲವು ಸ್ಥಿರವಾಗಬೇಕೆಂದು ಯಾರಾದರೂ ಊಹಿಸಬಹುದು. ಅನುಭವವು ಇದಕ್ಕೆ ವಿರುದ್ಧವಾಗಿದೆ. ಕಾರಣ ಮೇಲೆ ಹೇಳಿದ ರಬ್ಬರಿನ ಗುಣವೇ. ಬಾಲದ ಭಾರ ಹೆಚ್ಚಿದಾಗ ಅದನ್ನು ತಿರುವಿನಲ್ಲಿ ಒಳಕ್ಕೆ ಎಳೆದಿಡಲು ಅದೇ ಪ್ರಮಾಣದ ಹೆಚ್ಚು ಬಲ ಬೇಕು. ಹಿಡಿತವಾದರೋ ಅಷ್ಟು ಹೆಚ್ಚಿರುವುದಿಲ್ಲ. ಹೀಗೆ ಹೊರೆಹೊತ್ತ ಕಡೆಯೇ ಮೊದಲು ಸೋಲುತ್ತದೆ. ಮುಂದಿನ ಚಕ್ರಗಳು ಮೊದಲು ಸೋತು ಕಾರಿನ ಮೂತಿ ತಿರುವಿನ ಹೊರಕ್ಕೆ ಜಾರಿದರೆ ಅದನ್ನು ಅಂಡರ್‌ಸ್ಟೀರ್ ಎನ್ನುತ್ತಾರೆ. ಹಿಂದಿನವು ಸೋತು ಬಾಲ ಹೊರಕ್ಕೆ ಬೀಸಿದರೆ ಓವರ್‌ಸ್ಟೀರ್. ಮೊದಲನೆಯದರಲ್ಲಿ ಚಾಲಕನಿಗೆ ತಾನು ಗುದ್ದಲಿರುವ ವಸ್ತು ಕಾಣುತ್ತದೆ, ಎರಡನೆಯದರಲ್ಲಿ ಕಾಣುವುದಿಲ್ಲ ಎಂಬುದು ಚಾಲಕರ ನಡುವಣ ಹಳೆಯ ವಿನೋದ.

ಎಂಜಿನ್ನು ಮುಂದಿದ್ದು, ಮುಂದಿನ ಚಕ್ರಗಳನ್ನೇ ತಿರುಗಿಸುವ ಈಗಿನ ಸಾಧಾರಣ ಕಾರನ್ನು ನೋಡಿರಿ. ಇದರ ತೂಕದಲ್ಲಿ ನೂರಕ್ಕೆ ೬೦ ಪಾಲು ಮುಂದಿರುತ್ತದೆ. ಟಾಂಕಿಯಾದರೋ ಹಿಂದಿನ ಆಸನದ ಕೆಳಗೆ. ೧೦೦೦ ಕಿಲೋಗ್ರಾಂ ಕಾರಿಗೆ ೩೦ ಕಿಲೋಗ್ರಾಂ ಪೆಟ್ರೋಲ್ ತುಂಬಿದರೆ ಮುಂದಿನ ಪಾಲು ೬೦ರಿಂದ ೫೮.೮ಕ್ಕೆ ಇಳಿಯುತ್ತದೆ. ಮೂತಿ ಜಾರುವ ಚಟವುಳ್ಳ ಈ ಕಾರು ಆ ಚಟವನ್ನು ಒಂದಿಷ್ಟು ಕಡಮೆ ಮಾಡಿ ತಿರುವಿಗೆ ಹೆಚ್ಚು ಇಷ್ಟದಿಂದ ಹೊರಳುತ್ತದೆ. ಟಾಂಕಿ ತುಂಬಿದಾಗಲೇ ತನ್ನ ಕಾರು ಚೆನ್ನಾಗಿ ತಿರುಗುತ್ತದೆಂದು ಆಣೆಯಿಟ್ಟ ಮೂರನೆಯ ಚಾಲಕನು ಇಂಥ ಕಾರಿನವನಿರಬೇಕು. ಅವನ ಅನುಭವ ಸುಳ್ಳಲ್ಲ. ಗಡಿಯಾರ ಮಾತ್ರ ಅವನನ್ನು ಬೆಂಬಲಿಸದೆ ಇರಬಹುದು.

ಇದಕ್ಕೆ ವಿರುದ್ಧವಾದ ನಿದರ್ಶನ ಜರ್ಮನಿಯ ಪೋರ್ಷೆ ೯೧೧. ೧೯೬೪ರಲ್ಲಿ ತಯಾರಾಗತೊಡಗಿದ ಈ ಕಾರಿನ ಎಂಜಿನ್ನು ಹಿಂದಿನ ಅಚ್ಚಿಗೂ ಹಿಂದೆ ತೂಗುಬಿದ್ದಿದೆ. ೬೨ ಲೀಟರಿನ ಟಾಂಕಿಯನ್ನು ಮೂತಿಯಲ್ಲಿಟ್ಟಿದ್ದರು. ತುಂಬಿದ ಟಾಂಕಿ ಎಂದರೆ ಮುಂದಿನ ಚಕ್ರಗಳ ಮೇಲೆ ಸುಮಾರು ೪೬ ಕಿಲೋಗ್ರಾಂ. ಪೆಟ್ರೋಲ್ ಉರಿದು ಮುಗಿಯುತ್ತ ಬಂದಂತೆ ಮೂತಿ ಹಗುರವಾಗಿ, ಮೊದಲೇ ಹಿಂಭಾರವಾಗಿದ್ದ ಕಾರು ಮತ್ತಷ್ಟು ಹಿಂಭಾರವಾಗುತ್ತಿತ್ತು. ಆರಂಭದ ಕಾರುಗಳ ಬಾಲ ಬೀಸುವ ಸ್ವಭಾವವನ್ನು ತಗ್ಗಿಸಲು ಕಾರ್ಖಾನೆಯವರು ಮುಂದಿನ ಬಂಪರಿನ ಎರಡು ತುದಿಗಳೊಳಗೆ ತಲಾ ೧೧ ಕಿಲೋಗ್ರಾಂ ಬೀಡುಕಬ್ಬಿಣದ ತುಂಡುಗಳನ್ನು ಅಡಗಿಸಿಟ್ಟದ್ದುಂಟು! ಹಗುರವಾದ ಕಾರನ್ನು ಕಟ್ಟಲೆಂದು ಹೆಣಗಿದ ಎಂಜಿನಿಯರರು ಕೊನೆಗೆ ಕಬ್ಬಿಣವನ್ನೇ ಹೇರಬೇಕಾಯಿತು. ಅನಂತರ ೧೯೬೯ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು ೫೭ ಮಿಲಿಮೀಟರ್ ಹಿಂದಕ್ಕೆ ಸರಿಸಿ, ಬ್ಯಾಟರಿಯನ್ನು ಎರಡಾಗಿ ಮಾಡಿ ಮುಂದಿನ ಎರಡು ಮೂಲೆಗಳಲ್ಲಿಟ್ಟು ಇದಕ್ಕೆ ಪರಿಹಾರ ಕಂಡುಕೊಂಡರು. ಇಂಥ ಹಳೆಯ ಕಾರನ್ನು ಪಂದ್ಯಕ್ಕೆ ತರುವ ಹವ್ಯಾಸಿಯು ಟಾಂಕಿಯನ್ನು ಬರಿದು ಮಾಡುವ ಮುನ್ನ ಎರಡು ಸಲ ಯೋಚಿಸಬೇಕು.

ಭಾರವನ್ನು ಮುಂದಿಡುವುದೂ ಬೇಡ, ಹಿಂದಿಡುವುದೂ ಬೇಡ, ನಟ್ಟನಡುವೆ ಇಟ್ಟರೆ ಹೇಗೆ? ದೊಡ್ಡ ಪಂದ್ಯಗಳ ಎಂಜಿನಿಯರರಿಗೆ ಈ ಯೋಚನೆ ಬಹು ಹಿಂದೆಯೇ ಹೊಳೆದಿತ್ತು, ಏಕೆಂದರೆ ಅವರ ಕಷ್ಟ ಹವ್ಯಾಸಿಯ ಕಷ್ಟಕ್ಕಿಂತ ಎಷ್ಟೋ ಪಾಲು ಹಿರಿದು. ೧೯೫೦ರ ದಶಕದ ಗ್ರಾಂಪ್ರಿ ಕಾರುಗಳಲ್ಲಿ ಪ್ರಸಿದ್ಧವಾದ ಮಾಸೆರಾಟಿ ೨೫೦ಎಫ್ ತನ್ನ ಬಾಲದಲ್ಲಿ ಸುಮಾರು ೨೦೦ ಲೀಟರ್ ಇಂಧನವನ್ನು ಹೊರುತ್ತಿತ್ತು. ಕಾರಿನ ತೂಕವೇ ೬೦೦ ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ೧೫೦ ಕಿಲೋಗ್ರಾಂ ಬಾಲಭಾರ! ಪಂದ್ಯದ ಮೊದಲ ಸುತ್ತಿನ ಕಾರು ಬೇರೆ, ಕೊನೆಯ ಸುತ್ತಿನ ಕಾರು ಬೇರೆ ಎಂದೇ ಹೇಳಬೇಕು. ೧೯೩೪ರಲ್ಲಿಯೇ ಫರ್ಡಿನಾಂಡ್ ಪೋರ್ಷೆ ತಾನು ರಚಿಸಿದ ಆಟೋ ಯೂನಿಯನ್ ಕಾರಿನಲ್ಲಿ ಟಾಂಕಿಯನ್ನು ಚಾಲಕನ ಬೆನ್ನಿಗೂ ಎಂಜಿನ್ನಿಗೂ ನಡುವೆ ಇಟ್ಟನು. ಇಂಧನ ಖರ್ಚಾದರೂ ಮುಂದು ಹಿಂದುಗಳ ತೂಕದ ಪ್ರಮಾಣ ಬದಲಾಗಬಾರದೆಂಬುದು ಅವನ ಉದ್ದೇಶ. ೧೯೫೪ರಲ್ಲಿ ಇಟಲಿಯ ವಿಟ್ಟೋರಿಯೊ ಯಾನೊ ರಚಿಸಿದ ಲಾಂಚಿಯ ಡಿ೫೦ ಕಾರಿನಲ್ಲಿ ಟಾಂಕಿಗಳು ಎರಡು ಪಕ್ಕಗಳಲ್ಲಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಕತ್ತೆಯ ಬೆನ್ನಿನ ಇಬ್ಬದಿಯ ಹೇರುಗಳಂತೆ ಕುಳಿತಿದ್ದುವು. ಆ ವರ್ಷದ ಸ್ಪೇನಿನ ಪಂದ್ಯದಲ್ಲಿ ಈ ಕಾರು ಮೊದಲ ಬಾರಿಗೆ ಕಣಕ್ಕಿಳಿದಾಗಲೇ ಆಸ್ಕಾರಿ ಇದರಲ್ಲಿ ಎಲ್ಲರಿಗಿಂತ ವೇಗವಾದ ಅಭ್ಯಾಸ ಸುತ್ತನ್ನು ಓಡಿದನು.

ಇಲ್ಲಿಗೆ ಸಮಸ್ಯೆ ಮುಗಿಯಿತೆಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಲಾಂಚಿಯ ಕಾರುಗಳು ಫೆರಾರಿಯ ಕೈಸೇರಿದ ಮೇಲೆ ಅವರು ಇಂಧನವನ್ನು ಪುನಃ ಬಾಲಕ್ಕೆ ಸಾಗಿಸಿದರು. ೧೯೫೬ರಲ್ಲಿ ಫಾಂಜಿಯೊ ಜಗಜ್ಜೇತನಾದದ್ದು ಹೀಗೆ ಮಾರ್ಪಡಿಸಿದ ಕಾರಿನಲ್ಲಿ. ಮೂಲ ರಚನೆಯ ಕಾರಿಗೆ ಹಿಡಿತ ಬಹಳವಿದ್ದರೂ, ಎಲ್ಲೆ ಮೀರಿದೊಡನೆ ಎಚ್ಚರಿಕೆ ಕೊಡದೆ ಬುಗುರಿಯಂತೆ ತಿರುಗಿಬಿಡುವ ದೋಷವಿತ್ತೆಂದು ಪ್ರತೀತಿ. ಇದಕ್ಕೆ ಕಾರಣ ತಿರುವಿನ ಜಡತ್ವ. ಭಾರವೆಲ್ಲ ಗುರುತ್ವ ಕೇಂದ್ರದ ಬಳಿ ಒಟ್ಟಾಗಿದ್ದರೆ ವಸ್ತುವನ್ನು ತಿರುಗಿಸುವುದು ಸುಲಭ. ತುದಿಗಳಲ್ಲಿ ಹರಡಿದ್ದರೆ ಕಷ್ಟ. ಒಂದು ಕೋಲಿನ ನಡುವೆ ಎರಡು ಕಲ್ಲುಗಳನ್ನು ಕಟ್ಟಿ ನಡುವನ್ನೇ ಹಿಡಿದು ತಿರುಗಿಸಿರಿ. ಅನಂತರ ಅವೇ ಕಲ್ಲುಗಳನ್ನು ತುದಿಗಳಿಗೆ ಕಟ್ಟಿ ತಿರುಗಿಸಿರಿ. ಕೈಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ದೂರ ಎರಡರಷ್ಟಾದರೆ ತಿರುವಿನ ಜಡತ್ವ ನಾಲ್ಕರಷ್ಟಾಗುತ್ತದೆ. ಬೇಗನೆ ತಿರುಗುವ ಕಾರು ಚಾಲಕನ ಮಾತನ್ನು ಬೇಗನೆ ಕೇಳುತ್ತದೆ. ಅವನು ತಪ್ಪಿದರೆ ಬೇಗನೆ ಕೈಬಿಡುತ್ತದೆ ಕೂಡ. ಆಟೋಕ್ರಾಸಿನಲ್ಲಿ ಶಂಕುಗಳ ಸಾಲಿನ ನಡುವೆ ಎಡಕ್ಕೂ ಬಲಕ್ಕೂ ಹೊರಳುತ್ತ ಹೋಗಬೇಕಾದಾಗ, ಬಾಲದ ತುದಿಯಲ್ಲಿ ಟಾಂಕಿಯಿರುವ ಕಾರಿನವನು ಈ ಜಡತ್ವವನ್ನು ಪ್ರತಿ ಹೊರಳಿಕೆಯಲ್ಲೂ ಅನುಭವಿಸುತ್ತಾನೆ.

ಟಾಂಕಿ ಸಾಧಾರಣವಾಗಿ ಕಾರಿನ ತಳದಲ್ಲಿರುವುದರಿಂದ ತುಂಬಿದ ಪೆಟ್ರೋಲು ಗುರುತ್ವ ಕೇಂದ್ರವನ್ನು ಕೆಲವು ಮಿಲಿಮೀಟರುಗಳಷ್ಟು ಕೆಳಗಿಳಿಸುತ್ತದೆ ಎಂಬ ಲಾಭವೂ ಉಂಟು. ಸ್ಪ್ರಿಂಗುಗಳು ಅಷ್ಟೇ ಕೆಲವು ಮಿಲಿಮೀಟರ್ ಕುಸಿಯುವುದರಿಂದ ಚಕ್ರಗಳು ನೆಲವನ್ನು ಮುಟ್ಟುವ ಕೋನವೂ ತುಸು ಬದಲಾಗುತ್ತದೆ. ಇವೆಲ್ಲ ಸಣ್ಣ ವಿಷಯಗಳು, ಮುಂದಕ್ಕೆ ಹೋಗೋಣ.

ಇದುವರೆಗೆ ನಾವು ಪೆಟ್ರೋಲನ್ನು ಮರಳಿನ ಮೂಟೆಯಂತೆ ನಿಶ್ಚಲವಾದ ವಸ್ತುವೆಂದು ಭಾವಿಸಿದೆವು. ಆದರೆ ಬೆನ್ನ ಹಿಂದೆ ಕುಳಿತ ಆ ಹುಡುಗನು ಸುಮ್ಮನೆ ಕೂರುವವನಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಾವು ವಿದ್ವಾಂಸರ ವಿಷಯದಲ್ಲಿ ಬಳಸುತ್ತೇವೆ. ಟಾಂಕಿಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಪೂರ್ತಿ ತುಂಬಿದ ಟಾಂಕಿಯಲ್ಲಿ ದ್ರವಕ್ಕೆ ಅಲ್ಲಾಡಲು ಎಡೆಯಿಲ್ಲ. ಅರ್ಧಕ್ಕಿಳಿದಾಗ ಮೇಲ್ಮೈ ಸ್ವತಂತ್ರವಾಗಿ ಓಲಾಡತೊಡಗುತ್ತದೆ.

ಎಷ್ಟು ಓಲುತ್ತದೆ? ನಿಂತ ಕಾರಿನಲ್ಲಿ ದ್ರವದ ಮೇಲೆ ಗುರುತ್ವವೊಂದೇ ನೇರವಾಗಿ ಕೆಳಕ್ಕೆ ಎಳೆಯುತ್ತದೆ, ಆದುದರಿಂದ ಮೇಲ್ಮೈ ಸಮತಲವಾಗಿರುತ್ತದೆ. ತಿರುವಿನಲ್ಲಿ ಕಾರಿನೊಳಗೆ ಕುಳಿತು ನೋಡುವವನಿಗೆ ತಿರುವಿನ ಹೊರಕ್ಕೆ ಇನ್ನೊಂದು ಸೆಳೆತವಿದ್ದಂತೆ ತೋರುತ್ತದೆ. ಒಳ್ಳೆಯ ಟೈರುಗಳುಳ್ಳ ಹವ್ಯಾಸಿ ಕಾರಿನಲ್ಲಿ ಈ ಸೆಳೆತವು ಗುರುತ್ವದಷ್ಟೇ ಆಗಬಲ್ಲದು. ಎರಡು ಸಮಾನ ಬಲಗಳು ಲಂಬವಾಗಿ ಕೂಡಿದರೆ ಫಲಿತವು ೪೫ ಅಂಶ ವಾಲುವುದೆಂದು ವಿದ್ಯಾರ್ಥಿಗಳಿಗೆ ಗೊತ್ತಿದೆ. ಎಂದರೆ, ಪೆಟ್ರೋಲಿನ ಮೇಲ್ಮೈ ೪೫ ಅಂಶದ ಇಳಿಜಾರಾಗಿ ನಿಲ್ಲುತ್ತದೆ!

ಇದರ ಪರಿಣಾಮವನ್ನು ಕಾಣಲು ಒಂದು ಲೆಕ್ಕ ಮಾಡೋಣ. ಟಾಂಕಿಯು ೬೦ ಸೆಂಟಿಮೀಟರ್ ಅಗಲ, ೨೦ ಸೆಂಟಿಮೀಟರ್ ಎತ್ತರದ ಚೌಕುಳಿ ಪೆಟ್ಟಿಗೆಯೆಂದು ಭಾವಿಸಿರಿ. ಎಂಜಿನ್ನಿಗೆ ಪೆಟ್ರೋಲನ್ನು ಹೀರುವ ಕೊಳವೆಯ ಬಾಯಿ ತಳದ ನಟ್ಟನಡುವೆ, ಎರಡು ಗೋಡೆಗಳಿಂದಲೂ ೩೦ ಸೆಂಟಿಮೀಟರ್ ದೂರದಲ್ಲಿದೆ. ಟಾಂಕಿ ಅರ್ಧ ತುಂಬಿದ್ದಾಗ ತಿರುವಿನಲ್ಲಿ ಪೆಟ್ರೋಲೆಲ್ಲ ಹೊರಗೋಡೆಯ ಕಡೆಗೆ ಏರಿ, ತಳದಲ್ಲಿ ಆ ಗೋಡೆಯಿಂದ ೪೦ ಸೆಂಟಿಮೀಟರುಗಳವರೆಗೆ ಹರಡಿ ನಿಲ್ಲುತ್ತದೆ. ಕೊಳವೆಯ ಬಾಯಿ ಮುಳುಗಿಯೇ ಇರುತ್ತದೆ. ಕಾಲು ಟಾಂಕಿ ಇದ್ದಾಗ? ಆಗ ಪೆಟ್ರೋಲ್ ಹರಡುವುದು ೨೫ ಸೆಂಟಿಮೀಟರುಗಳವರೆಗೆ ಮಾತ್ರ. ಕೊಳವೆಯ ಬಾಯಿ ೫ ಸೆಂಟಿಮೀಟರ್ ಆಚೆ, ಒಣನೆಲದಲ್ಲಿ! ಟಾಂಕಿಯಲ್ಲಿ ಹತ್ತಾರು ಲೀಟರ್ ಪೆಟ್ರೋಲ್ ಇದ್ದೂ ಎಂಜಿನ್ನಿಗೆ ಪೆಟ್ರೋಲಿನ ಬರ. ಈ ಲೆಕ್ಕವನ್ನು ನಂಬದವರು ಚಪ್ಪಟೆಯಾದ ಗಾಜಿನ ಶೀಸೆಯೊಂದರಲ್ಲಿ ಕಾಲು ಭಾಗ ಬಣ್ಣದ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ೪೫ ಅಂಶ ವಾಲಿಸಿ ನೋಡಬಹುದು. ಸ್ಥಿರವಾದ ತಿರುವಿನಲ್ಲಿ ಪೆಟ್ರೋಲಿನ ನಿಲವು ಇದೇ.

ಹೀಗೆ ಬರಬಿದ್ದಾಗ ಎಂಜಿನ್ನು ಒಂದು ಕ್ಷಣ ಕೆಮ್ಮಿ ಬಲ ಕಳೆದುಕೊಳ್ಳುತ್ತದೆ. ಎಷ್ಟೋ ಚಾಲಕರು ಮೊದಲ ಸಲ ಇದನ್ನು ಕಿಡಿಬೆಣೆಯ ದೋಷವೆಂದು ತಿಳಿದು ಕಾರನ್ನೆಲ್ಲ ಬಿಚ್ಚಿ ನೋಡುತ್ತಾರೆ. ಬಲ ತಪ್ಪುವುದು ತಿರುವಿನ ನಡುವೆಯೇ ಎಂಬುದು ಅಪಾಯಕರ. ಹಠಾತ್ತಾಗಿ ವೇಗ ತಗ್ಗಿದಾಗ ಭಾರವು ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರವಾಗಿ ಬಾಲ ಬೀಸಬಹುದು. ಕಾಲು ಸೆಕೆಂಡು ಉಳಿಸಹೋದವನು ಹಲವು ಸೆಕೆಂಡುಗಳನ್ನೂ ನಾಲ್ಕಾರು ಶಂಕುಗಳನ್ನೂ ಕಳೆದುಕೊಳ್ಳುತ್ತಾನೆ. ಇದಕ್ಕಿಂತಲೂ ಹೆಚ್ಚಿನ ಹಾನಿ ಎಂಜಿನ್ನಿನದು. ಟರ್ಬೊ ಅಳವಡಿಸಿದ ಎಂಜ಼ಿನ್ನು ಪೂರ್ಣ ಶಕ್ತಿಯಲ್ಲಿರುವಾಗ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಮೆಯಾದರೆ ಉರಿಯು ಅಕಾಲದಲ್ಲಿ ಸ್ಫೋಟಿಸಿ ಪಿಸ್ಟನ್ನುಗಳನ್ನೇ ಒಡೆಯಬಲ್ಲದು. ಈಗಿನ ಕಾರುಗಳ ವಿದ್ಯುತ್ ಪಂಪು ಟಾಂಕಿಯೊಳಗೇ ಇರುತ್ತದೆ. ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ವಾರವಿಡೀ ದುಡಿದು ಭಾನುವಾರ ಸ್ಪರ್ಧೆಗೆ ಬರುವ ಹವ್ಯಾಸಿಗೆ, ಸೋಮವಾರ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕಾದವನಿಗೆ, ಒಡೆದ ಎಂಜಿನ್ನೆಂದರೆ ಸಣ್ಣ ಮಾತಲ್ಲ.

ಕಾರು ತಯಾರಕರು ಈ ತೊಂದರೆಯನ್ನು ಅರಿಯದವರಲ್ಲ. ಟಾಂಕಿಯೊಳಗೆ ತಗಡಿನ ಅಡ್ಡಗೋಡೆಗಳನ್ನು ನಿಲ್ಲಿಸಿ, ಹೀರುವ ಕೊಳವೆಯ ಸುತ್ತ ಚಿಕ್ಕ ಬಟ್ಟಲನ್ನು ಕಟ್ಟಿ ಪೆಟ್ರೋಲು ಅಲ್ಲಿಂದ ಓಡಿಹೋಗದಂತೆ ತಡೆದಿರುತ್ತಾರೆ. ಆದರೆ ಇವನ್ನು ಅವರು ರಚಿಸುವುದು ಊರ ಬೀದಿಯ ತಿರುವುಗಳಿಗಾಗಿ. ಕಾಂಕ್ರೀಟಿನ ಮೇಲೆ ಮೂರು ನಾಲ್ಕು ಸೆಕೆಂಡು ಒಂದೇ ಸಮನೆ ಬಳಸುವ ತಿರುವಿಗಾಗಿ ಅಲ್ಲ. ಪಂದ್ಯಕ್ಕೆಂದೇ ಕಟ್ಟಿದ ಕಾರುಗಳಲ್ಲಿ ಟಾಂಕಿಗೂ ಎಂಜಿನ್ನಿಗೂ ನಡುವೆ ಒಂದೆರಡು ಲೀಟರಿನ ಪುಟ್ಟ ಪಾತ್ರೆಯೊಂದನ್ನು ಇಟ್ಟು ಅದು ಸದಾ ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ಸರ್ಜ್ ಟ್ಯಾಂಕ್ ಎಂದು ಹೆಸರು. ಟಾಂಕಿಯೊಳಗೆ ಸ್ಪಂಜಿನಂಥ ರಂಧ್ರಮಯ ವಸ್ತುವನ್ನು ತುಂಬುವುದು ಇನ್ನೊಂದು ಉಪಾಯ. ಇದು ಬಳಕೆಗೆ ಬಂದದ್ದು ಓಲಾಟವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಬೆಂಕಿಯ ಭಯದಿಂದ. ೧೯೬೪ರ ಮೇ ೩೦ರಂದು ಇಂಡಿಯಾನಾಪೊಲಿಸ್ ಪಂದ್ಯದ ಎರಡನೆಯ ಸುತ್ತಿನಲ್ಲಿಯೇ, ಟಾಂಕಿಗಳು ಇನ್ನೂ ತುಂಬಿರುವಾಗ, ಡೇವ್ ಮ್ಯಾಕ್‌ಡೊನಾಲ್ಡನ ಕಾರು ಗೋಡೆಗೆ ಬಡಿದು ಹೊತ್ತಿಕೊಂಡಿತು; ಹಿಂದೆ ಬಂದ ಎಡ್ಡಿ ಸ್ಯಾಕ್ಸನೂ ಅದೇ ಜ್ವಾಲೆಗೆ ಸಿಕ್ಕಿದನು. ಇಬ್ಬರೂ ಬದುಕಲಿಲ್ಲ. ಬಲವಾದ ನೂಲಿನ ಮೇಲೆ ರಬ್ಬರು ಬಳಿದ, ಒಳಗೆ ಸ್ಪಂಜು ತುಂಬಿದ ಇಂಧನದ ಚೀಲಗಳು ಪಂದ್ಯದ ಕಾರುಗಳಲ್ಲಿ ಹರಡಿದ್ದು ಆ ದಶಕದ ಇಂಥ ದುರಂತಗಳ ಅನಂತರ.

ಹವ್ಯಾಸಿಗಳಲ್ಲಿ ಇನ್ನೊಂದು ಬಗೆಯವರಿದ್ದಾರೆ. ಇವರು ಹಳೆಯ, ಅಗ್ಗದ ಕಾರುಗಳನ್ನು ತಂದು ಗಂಟೆಗಟ್ಟಲೆ ಓಡಿಸುವ ದೀರ್ಘಪಂದ್ಯಗಳಿಗೆ ಸೇರುತ್ತಾರೆ. ೨೦೦೬ರಲ್ಲಿ ಅಮೆರಿಕದಲ್ಲಿ ಆರಂಭವಾದ "೨೪ ಅವರ್ಸ್ ಆಫ್ ಲೆಮನ್ಸ್" ಎಂಬುದು ಇಂಥದೊಂದು. ೫೦೦ ಡಾಲರಿಗಿಂತ ಹೆಚ್ಚು ಬೆಲೆಯ ಕಾರನ್ನು ತರಕೂಡದೆಂಬುದು ಅದರ ತಮಾಷೆಯ ನಿಯಮ. ಆಟೋಕ್ರಾಸಿನ ಚಾಲಕನು ತನಗೆ ಬೇಕಾದ ಭಾರವನ್ನು ಆರಿಸಿಕೊಂಡು ಅದರೊಡನೆಯೇ ಓಡುತ್ತಾನೆ. ದೀರ್ಘಪಂದ್ಯದವನಿಗೆ ಆ ಸ್ವಾತಂತ್ರ್ಯವಿಲ್ಲ. ತುಂಬಿದ ಟಾಂಕಿಯೊಡನೆ ಹೊರಟವನು ಎರಡು ಗಂಟೆಗಳ ಅನಂತರ ಬರಿದಾದ ಟಾಂಕಿಯೊಡನೆ ಮರಳುತ್ತಾನೆ. ನಡುವೆ ಕಾರಿನ ಸ್ವಭಾವ ಮೆಲ್ಲಮೆಲ್ಲನೆ ಬದಲಾಗುತ್ತದೆ. ಟೈರು ಸವೆದು ಕಾಯುವುದೂ ಇದೇ ಹೊತ್ತಿನಲ್ಲಿ. ಎರಡು ಬದಲಾವಣೆಗಳಲ್ಲಿ ಯಾವುದು ಎಷ್ಟೆಂದು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಪೆಟ್ರೋಲ್ ಮುಗಿಯುತ್ತ ಬಂದಂತೆ ಕಾರು ವೇಗವಾಗಬೇಕಾದದ್ದು ನ್ಯಾಯ. ಆಗದಿದ್ದರೆ ಟೈರು ಸೋತಿದೆಯೆಂದು ತಿಳಿಯುವವರೂ ಇದ್ದಾರೆ. ಟೈರಿನ ಗಾಳಿಯನ್ನೂ ಸ್ಪ್ರಿಂಗಿನ ಎತ್ತರವನ್ನೂ ಇವರು ಅರ್ಧ ಟಾಂಕಿಗೆ ಒಪ್ಪುವಂತೆ ಹೊಂದಿಸಿಕೊಳ್ಳುವುದು ವಿವೇಕ. ಆಗ ಮೊದಲ ಗಂಟೆಯಲ್ಲಿ ತುಸು ಒಂದು ಕಡೆಗೂ ಎರಡನೆಯ ಗಂಟೆಯಲ್ಲಿ ತುಸು ಇನ್ನೊಂದು ಕಡೆಗೂ ವಾಲಿದರೂ ಎಲ್ಲಿಯೂ ಅತಿಯಾಗುವುದಿಲ್ಲ.

ಹೊಂದಿಸುವುದಕ್ಕೆ ನಾಲ್ಕು ತಕ್ಕಡಿಗಳುಂಟು. ಒಂದೊಂದು ಚಕ್ರವನ್ನೂ ಒಂದೊಂದು ತಕ್ಕಡಿಯ ಮೇಲೆ ನಿಲ್ಲಿಸಿ, ಚಾಲಕನನ್ನೂ ಕೂರಿಸಿ, ಓಟದ ದಿನ ಇರುವಷ್ಟೇ ಪೆಟ್ರೋಲನ್ನು ಹಾಕಿ ತೂಗುತ್ತಾರೆ. ಪೆಟ್ರೋಲನ್ನು ಮರೆತು ತೂಗಿದವನ ಶ್ರಮವೆಲ್ಲ ವ್ಯರ್ಥ. ಅಭ್ಯಾಸದ ದಿನ ತುಂಬಿದ ಟಾಂಕಿಯೊಡನೆ ಓಡಿ, ಕಾರಿನ ಗುಣವನ್ನು ಕೈಗೆ ಕಲಿಸಿ, ಸ್ಪರ್ಧೆಯ ದಿನ ಬರಿದಾದ ಟಾಂಕಿಯೊಡನೆ ಬರುವುದೂ ಇಂಥದೇ ತಪ್ಪು. ನಮಗೆ ತೋರುವ ಮಟ್ಟಿಗೆ, ನೂರಕ್ಕೆ ಮೂರು ಪಾಲು ತೂಕದ ಲಾಭಕ್ಕಿಂತ ಕಾರು ನಿನ್ನೆಯಂತೆಯೇ ಇಂದೂ ನಡೆದುಕೊಳ್ಳುವುದು ಸಾಮಾನ್ಯ ಚಾಲಕನಿಗೆ ದೊಡ್ಡ ಲಾಭ.

ಕಡೆಗೆ ಲಿಂಕನ್ನಿನ ಚಾಲಕನ ಪ್ರಶ್ನೆಗೆ ಬರೋಣ. ಅಲ್ಲಿನ ಕ್ರಮದಂತೆ ಅವನು ಎರಡು ದಿನ, ಎರಡು ಬೇರೆ ಬೇರೆ ಹಾದಿಗಳಲ್ಲಿ ಮೂರು ಮೂರು ಬಾರಿ ಓಡಬೇಕು. ಎಂಜಿನ್ನು ಎಷ್ಟೇ ಆರ್ಭಟಿಸಿದರೂ ಒಂದು ನಿಮಿಷದ ಓಟಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲ್ ಸುಡುವುದು ಇಂಥ ಸಣ್ಣ ಕಾರಿಗೆ ಕಷ್ಟ. ಆರು ಓಟಗಳಿಗೂ ಸೇರಿ ಅವನು ಉರಿಸುವುದು ಮೂರು ಲೀಟರಿನೊಳಗೆ. ಆದರೂ ತನ್ನ ಕಾರನ್ನು ಬಲ್ಲ ಚಾಲಕನು ಟಾಂಕಿಯಲ್ಲಿ ಹದಿನೈದು ಇಪ್ಪತ್ತು ಲೀಟರ್ ಇಟ್ಟುಕೊಂಡೇ ಗೆರೆಯ ಬಳಿಗೆ ಬರುತ್ತಾನೆ. ಮೂರು ಲೀಟರ್ ಎಂಜಿನ್ನಿಗಾಗಿ. ಉಳಿದದ್ದು, ಅತ್ಯಂತ ದೀರ್ಘವಾದ ತಿರುವಿನಲ್ಲಿ ಪೆಟ್ರೋಲೆಲ್ಲ ಹೊರಗೋಡೆಗೆ ಏರಿ ನಿಂತಾಗಲೂ ಹೀರುವ ಕೊಳವೆಯ ಬಾಯಿ ಮುಳುಗಿರಲೆಂಬುದಕ್ಕಾಗಿ.